ಮಾಕ್ ಙಾ ಮನೆಯ ಅಕ್ಷರಗಳು

ಆಸ್ಟಿನ್ನಿನಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಹೊಸದಾಗಿ ಯಾರೋ ಬಂದಿದ್ದಾರೆ. ಅವರ ಮುಖ ನೋಡುವ ಮೊದಲೇ ಅವರ ಅಡುಗೆಮನೆಯ ಪರಿಚಯವಾಯಿತು. ಸಂಜೆ ಬಟ್ಟೆ ಮಡಚುತ್ತಾ ಕೂತಿದ್ದೆ. ಸುಟ್ಟ ಸಿಗಡಿಯ, ಉಪ್ಪಿನ, ಸಮುದ್ರದ ಕೆಸರಿನ ವಾಸನೆಯೊಂದು ಬಾಲ್ಕನಿಯಿಂದ ಒಳಗೆ ಬಂದು ಮೂಗಿಗೆ ಅಂಟಿಕೊಂಡಿತು. ಬೆಲಾಚಾನ್! ಸಣ್ಣ ಸಿಗಡಿಗೆ ಉಪ್ಪು ಹಾಕಿ ಕುಟ್ಟಿ, ಬಿಸಿಲಿಗಿಟ್ಟು, ಹುಳಿಬರಿಸಿ ಮಾಡುವ ಕಂದುಬಣ್ಣದ ಗಟ್ಟಿ ಅದು. ಮಲಯ್ ಜನ ಅದನ್ನು ಬೆಂಕಿಯಲ್ಲಿ ಸುಟ್ಟು, ಮೆಣಸಿನಕಾಯಿ ಜೊತೆ ಅರೆದು ಚಟ್ನಿ ಮಾಡುತ್ತಾರೆ. ಈ ವಾಸನೆ ಬಂದರೆ ಅಕ್ಕಪಕ್ಕದವರು ಕಿಟಕಿ ಮುಚ್ಚುವುದು ವಾಡಿಕೆ. ನಾನು ಎದ್ದುಹೋಗಿ ಇದ್ದಬದ್ದ ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಅಮ್ಮ ಇಲ್ಲಿದ್ದಿದ್ದರೆ ನಗುತ್ತಿದ್ದಳು. ಒಂದು ಕಾಲದಲ್ಲಿ ಇದೇ ವಾಸನೆಗೆ ಅವಳು ಧಡಾರನೆ ಕಿಟಕಿ ಎಳೆದು, ಊದುಬತ್ತಿ ಹಚ್ಚಿ, ಅಪ್ಪ ಆಫೀಸಿನಿಂದ ಬರುವುದರೊಳಗೆ ಮನೆಯನ್ನು ಮತ್ತೆ ಮೈಸೂರು ಮಾಡುತ್ತಿದ್ದಳು.

ಎರಡು ಸಾವಿರದ ಹತ್ತರ ಆಚೀಚಿನ ವರ್ಷಗಳು ಅವು. ಆಗ ನಮ್ಮ ಮನೆ ಡಲ್ಲಾಸಿನ ಉತ್ತರಕ್ಕೆ, ಲಿಟಲ್ ಎಲ್ಮ್‌ನಲ್ಲಿತ್ತು. ಫ್ರಿಸ್ಕೋದ ಮನೆಗಳು ಕೈಗೆಟುಕಲಿಲ್ಲ, ಅದಕ್ಕೇ ಇನ್ನೊಂದಿಷ್ಟು ದೂರ ಹೋಗಿ ಕೆರೆಯ ದಡ ಸೇರಿದ್ದೆವು. ಅಪ್ಪ ದಿನಾ ಲಾಸ್ ಕೊಲಿನಾಸ್‌ವರೆಗೆ ಡ್ರೈವ್ ಮಾಡಿ, ಸಂಜೆ ಟ್ರಾಫಿಕ್ಕನ್ನು ಬೈದುಕೊಳ್ಳುತ್ತಲೇ ಶೂ ಬಿಚ್ಚುತ್ತಿದ್ದ. ಹೊಸ ಬಡಾವಣೆ, ಎಲ್ಲ ಮನೆಗಳೂ ಒಂದೇ ಇಟ್ಟಿಗೆಯವು, ಎಲ್ಲ ಮನೆಯ ಮುಂದೂ ಕೋಲಿಗೆ ಕಟ್ಟಿದ ಒಂದೊಂದು ಬಡಕಲು ಓಕ್ ಗಿಡ. ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಅಡ್ಡವಾಗಿ ಒಂದು ಮರವೂ ಇರಲಿಲ್ಲ. ಆ ಸಾಲಿನಲ್ಲಿ ನಮ್ಮ ಪಕ್ಕದ ಮನೆಯೊಂದನ್ನು ಮಾತ್ರ ದೂರದಿಂದಲೇ ಗುರುತು ಹಿಡಿಯಬಹುದಾಗಿತ್ತು. ಅದರ ಬಾಗಿಲ ಮೇಲೆ ಕಪ್ಪುಮಿಶ್ರಿತ ಕಂದು ಮರದ ಹಲಗೆಯೊಂದಿತ್ತು. ಸುತ್ತಲೂ ಕೆತ್ತಿದ ಬಳ್ಳಿ, ನಡುವೆ ಬಾಗಿ ಬಳುಕುವ ಅಕ್ಷರಗಳು. ನಾವು ಮನೆ ನೋಡಲು ಬಂದ ದಿನವೇ ಅಪ್ಪ ಅದನ್ನು ನೋಡಿ, "ಪಕ್ಕದವ್ರು ಅರಬ್ ಜನ ಅನ್ಸತ್ತೆ" ಎಂದಿದ್ದ. ಅಮ್ಮನೂ ಹೌದೆಂದು ತಲೆಯಾಡಿಸಿದ್ದಳು. ಅಲ್ಲಿಗೆ ಇಬ್ಬರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು.

ಅವರು ಅರಬ್ ಜನ ಆಗಿರಲಿಲ್ಲ. ಮಲೇಷ್ಯಾದವರು, ಈಶಾನ್ಯ ಕರಾವಳಿಯ ಕೆಲಾಂತಾನ್ ಎಂಬ ಕಡೆಯವರು. ಫಾರಿಸ್ ಅಂಕಲ್ ತೈಲ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು, ಕೆಲಸದ ಮೇಲೆ ಹ್ಯೂಸ್ಟನ್ನಿಗೆ ಓಡಾಡಿಕೊಂಡಿದ್ದರು. ಅವರ ಹೆಂಡತಿಯೂ ಹಗಲೆಲ್ಲ ಆಫೀಸಿನಲ್ಲಿ. ಅವರ ಮಗಳು ಸುರಯ್ಯಾ ನನ್ನ ಕ್ಲಾಸಿನವಳು, ನನ್ನ ಬಸ್ಸಿನವಳು. ಮನೆಯನ್ನು ಹಿಡಿದು ನಿಲ್ಲಿಸಿದ್ದವರು ಮಾತ್ರ ಸುರಯ್ಯಾಳ ಅಜ್ಜಿ, ಅವಳ ಅಮ್ಮನ ಅಮ್ಮ. ಹೆಸರು ರಹೀಮಾ. ಆದರೆ ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಹುಟ್ಟಿದ ಮನೆಯಲ್ಲಿ ನಡುವಿನವರಾದ್ದರಿಂದ ಊರಿಗೆಲ್ಲ ಅವರು ಮಾಕ್ ಙಾ, ಅಂದರೆ ನಡುವಿನ ಚಿಕ್ಕಮ್ಮ. ಅಮ್ಮ ಈ ಹೆಸರನ್ನು ಮೊದಲ ಸಲ ನನ್ನ ಬಾಯಲ್ಲಿ ಕೇಳಿ, ಇನ್ನೊಮ್ಮೆ ಹೇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಯ್ಯೋ, ನಮ್ಮ ಙ! ಪಾಪ, ಹುಟ್ಟಿದಾಗಿಂದ ವರ್ಣಮಾಲೇಲಿ ಸುಮ್ನೆ ಕೂತಿತ್ತು. ಕೊನೆಗೂ ಒಂದು ಕೆಲಸ ಸಿಕ್ತು ನೋಡು ಅದಕ್ಕೆ."

ಶಾಲೆಯ ಬಸ್ಸಿಳಿದು ನಾನು ಸೀದಾ ಆ ಮನೆಗೇ ಹೋಗುತ್ತಿದ್ದೆ. ಬಾಗಿಲು ತೆರೆದರೆ ಪಾಂದಾನ್ ಎಲೆ ಹಾಕಿ ಬೇಯಿಸಿದ ಅನ್ನದ ಘಮ, ಅದರ ಕೆಳಗೆ ತೆಂಗಿನ ಹಾಲಿನದು, ಅದಕ್ಕೂ ಕೆಳಗೆ ಬೆಳಿಗ್ಗೆ ಸುಟ್ಟ ಬೆಲಾಚಾನ್‌ನದು. ಸೋಫಾ ಮೇಲೆ ಬಾತಿಕ್ ಬಟ್ಟೆ. ಹಿತ್ತಲಲ್ಲಿ ಬಕೆಟ್ಟುಗಳಲ್ಲಿ ಬೆಳೆದ ಮೆಣಸಿನಗಿಡ, ನಿಂಬೆಹುಲ್ಲು. ಮಾಕ್ ಙಾ ಮುಖಕ್ಕೆ ಅಕ್ಕಿಯ ತಣ್ಣನೆ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿಕೊಂಡಿರುತ್ತಿದ್ದರು; ಟೆಕ್ಸಸ್ ಬಿಸಿಲಿಗೆ ಅದು ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಗಾಜಿನ ಡಬ್ಬಿಗಳು, ಪ್ರತಿಯೊಂದರ ಮೇಲೂ ಬಾಗಿಲ ಮೇಲಿನಂಥದೇ ಅಕ್ಷರ. ಮೊಮ್ಮಗಳಿಗೆ ಅದು ಓದಲು ಬಾರದು. ಸಕ್ಕರೆ ಬೇಕಾದರೆ ಅವಳು ಮುಚ್ಚಳ ತೆಗೆದು ನೆಕ್ಕಿ ನೋಡುತ್ತಿದ್ದಳು. ಒಮ್ಮೆ ಚಮಚ ತುಂಬ ಅಜಿನೊಮೊಟೊ ಬಾಯಿಗೆ ಹಾಕಿಕೊಂಡು ಸಿಂಕಿನತ್ತ ಓಡಿದ್ದಳು. "ಓದಕ್ಕೆ ಕಲಿ ಅಂದ್ರೆ ಕಲಿಯಲ್ಲ, ತಿನ್ನು" ಎಂದು ಮಾಕ್ ಙಾ ನಕ್ಕರು. ಅವರ ಅರೆಬರೆ ಇಂಗ್ಲಿಷನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕಿವಿಯಲ್ಲಿ ಅದು ಉಳಿದಿರುವುದೂ ಹಾಗೆಯೇ.

ಆ ಅಕ್ಷರಗಳ ಹೆಸರು ಜಾವಿ. ಈಗ ಮಲಯ್ ಭಾಷೆಯನ್ನು ಬಹುಮಟ್ಟಿಗೆ ಎಲ್ಲರೂ ಇಂಗ್ಲಿಷಿನ ಅಕ್ಷರಗಳಲ್ಲೇ ಬರೆಯುತ್ತಾರೆ, ಅದಕ್ಕೆ ಅವರು ರೂಮಿ ಎನ್ನುತ್ತಾರೆ. ಅದಕ್ಕೆ ಮೊದಲು ನೂರಾರು ವರ್ಷ ಬರೆದದ್ದು ಜಾವಿಯಲ್ಲಿ. ಅರಬ್ಬಿಯಿಂದ ಬಂದ, ಬಲದಿಂದ ಎಡಕ್ಕೆ ಬರೆಯುವ ಲಿಪಿಯೇ ಹೌದು, ಆದರೆ ಅರಬರ ಬಾಯಲ್ಲಿಲ್ಲದ ಙ, ಚ, ಪ ಮುಂತಾದವಕ್ಕೆ ಮಲಯ್ ಜನ ಚುಕ್ಕಿ ಸೇರಿಸಿ ತಮ್ಮದೇ ಅಕ್ಷರ ಮಾಡಿಕೊಂಡರು. ಬಾಗಿಲ ಮೇಲಿನ ಹಲಗೆಯನ್ನು ಕೆತ್ತಿದ್ದವರು ಮಾಕ್ ಙಾ ಅವರ ಗಂಡ. ಮರಗೆಲಸದವರು, ನಾನು ನೋಡುವ ಹೊತ್ತಿಗೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದರಲ್ಲಿದ್ದದ್ದು ಎರಡೇ ಪದ: ಸೆಲಾಮತ್ ದಾತಾಂಗ್. ಕ್ಷೇಮವಾಗಿ ಬನ್ನಿ, ಅಷ್ಟೇ. ಊರಿನ ಮನೆ ಮಾರಿ ಮಗಳ ಜೊತೆ ಬರುವಾಗ ಮಾಕ್ ಙಾ ತಮ್ಮ ಸೀರೆಯಂಥ ಉದ್ದ ಬಟ್ಟೆಗಳನ್ನೆಲ್ಲ ಬಿಟ್ಟು ಆ ಹಲಗೆಯನ್ನು ಸೂಟ್‌ಕೇಸಿಗೆ ಹಾಕಿಕೊಂಡು ಬಂದಿದ್ದರು.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ, ಏಕೆಂದರೆ ನಮ್ಮದೂ ಒಂದು ಬಾಗಿಲಿತ್ತು. ಗೃಹಪ್ರವೇಶದ ದಿನ ಅಮ್ಮ ಬಾಗಿಲಿಗೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ದಳು. ಮಾರನೆಯ ಬೆಳಿಗ್ಗೆ ಅವಳು ಏಳುವುದರೊಳಗೆ ಅಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ಅಳಿಸಿಬಿಟ್ಟಿದ್ದ. "ಇಲ್ಲಿಯವ್ರು ಅದನ್ನ ಬೇರೆ ಥರ ತಿಳ್ಕೋತಾರೆ ಕಣೇ. ಯಾಕೆ ಸುಮ್ನೆ?" ಎಂದ. ಅಪ್ಪನ ಭಯ ಸುಳ್ಳಾಗಿರಲಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಆದರೆ ಬಿಳಿ ಬಾಗಿಲಿನ ಮೇಲೆ ಅರಿಶಿನದ ಮಸುಕು ಹಳದಿ ಹಾಗೇ ಉಳಿದುಹೋಯಿತು. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಶಾಸನಗಳನ್ನು ಓದಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಇಲ್ಲಿ ಕೆಲಸ ಮಾಡುವ ಹಾಗಿಲ್ಲದ ಡಿಪೆಂಡೆಂಟ್ ವೀಸಾದ ಮೇಲೆ ಮನೆಯಲ್ಲಿ ಕೂತಿದ್ದಳು. ಕೂರಲಾರದೆ ಭಾನುವಾರ ನಮ್ಮ ಗ್ಯಾರೇಜಿನಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಕನ್ನಡ ಕ್ಲಾಸು ಶುರು ಮಾಡಿದಳು. ಶುರುವಾದದ್ದು ಅ ಆ ಇ ಈ ಇಂದಲೇ. ಆದರೆ ಮಕ್ಕಳು ಗೊಣಗಿದರು, ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬಂದರು. "ಮೇಡಂ, ಮಾತಾಡಕ್ಕೆ ಬಂದ್ರೆ ಸಾಕು. ಇಂಗ್ಲಿಷ್ ಲೆಟರ್ಸಲ್ಲೇ ಬರ್ದ್ಕೊಟ್ಬಿಡಿ, ಅಕ್ಷರ ತಾನೇ?" ಅಮ್ಮ ಜಗಳಗಂಟಿಯಲ್ಲ. ಶಿಶುಗೀತೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹಂಚಿದಳು. ಕ್ಲಾಸಿಗೆ ಮಕ್ಕಳೂ ಜಾಸ್ತಿಯಾದರು.

ಒಂದು ಭಾನುವಾರ ಮಾಕ್ ಙಾ ಸುರಯ್ಯಾಳನ್ನು ಹುಡುಕಿಕೊಂಡು ಗ್ಯಾರೇಜಿಗೆ ಬಂದರು. ಮೇಜಿನ ಮೇಲಿದ್ದ ಹಾಳೆಯೊಂದನ್ನು ಎತ್ತಿ ಕನ್ನಡಕ ಏರಿಸಿ, ಗಟ್ಟಿಯಾಗಿ, ಒಂದೇ ಉಸಿರಿಗೆ ಇಡೀ ಕನ್ನಡ ಪದ್ಯವನ್ನು ಓದಿಬಿಟ್ಟರು. ದೀರ್ಘವೆಲ್ಲ ಹ್ರಸ್ವ, ಹ್ರಸ್ವವೆಲ್ಲ ಎಲ್ಲಿಗೋ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅವರೂ ನಕ್ಕರು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. "ನಿಮ್ಮದು ಎಲ್ಲಿ? ನಿಮ್ಮ ಬರವಣಿಗೆ ಇಲ್ಲವಾ ನಿಮಗೆ?" ಎಂದು ಅಮ್ಮನನ್ನು ಕೇಳಿದರು. ಅಮ್ಮನ ಮುಖ ಕೆಂಪಗಾಯಿತು. ಇದೆ ಎಂದು ತೋರಿಸಲು ಅಡುಗೆಮನೆಗೆ ಓಡಿ, ಮೈಸೂರಿನಿಂದ ಉಪ್ಪಿನಕಾಯಿ ಬಾಟಲಿಗೆ ಸುತ್ತಿಕೊಂಡು ಬಂದಿದ್ದ ಕನ್ನಡ ಪೇಪರಿನ ಎಣ್ಣೆಕಲೆಯ ಹಾಳೆ ತಂದಳು. ಮಾಕ್ ಙಾ ಅದರ ಮೇಲೆ ಬೆರಳಾಡಿಸಿದರು. ಆಮೇಲೆ, ನನ್ನ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕಷ್ಟಪಟ್ಟು ಕೂತು, ತಮ್ಮ ಅಪ್ಪನ ಮಾತು ತೆಗೆದರು.

ಅವರಪ್ಪ ಯೂಸುಫ್ ಮೀನಿನ ವ್ಯಾಪಾರಿ. ದಿನಾ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಕೂತು ಜಾವಿ ಪತ್ರಿಕೆಯನ್ನು ಊರಿಗೆಲ್ಲ ಕೇಳುವಂತೆ ಓದಿ ಹೇಳುತ್ತಿದ್ದವರು. ಓದು ಬಲ್ಲವರೆಂದು ಅವರಿಗೆ ಊರಲ್ಲಿ ಮರ್ಯಾದೆ. ಅವರ ದೇಶದ ಸ್ವಾತಂತ್ರ್ಯದ ಹೊತ್ತಿನಲ್ಲಿ ಶಾಲೆಗೆ, ಕಚೇರಿಗೆ, ಪೇಪರಿಗೆ ಎಲ್ಲಕ್ಕೂ ರೂಮಿ ಬಂತು. ಅದೇ ಭಾಷೆ, ಅವೇ ಪದ. ಅಕ್ಷರ ಮಾತ್ರ ಬೇರೆ. ಶಾಲೆಗೆ ಹೋಗುತ್ತಿದ್ದ ಮಗಳಿಗೆ ರೂಮಿ ಬರುತ್ತಿತ್ತು, ಅಪ್ಪನಿಗೆ ಬರುತ್ತಿರಲಿಲ್ಲ. "ಕಣ್ಣು ಮಂಜು, ನೀನೇ ಓದು" ಎಂದು ಮಗಳ ಕೈಗೆ ಪೇಪರು ಕೊಡುತ್ತಿದ್ದರಂತೆ. ಆ ಕಣ್ಣಿನಲ್ಲೇ ಅವರು ಮೀನುಬಲೆಯ ಸೂಜಿಗೆ ದಾರ ಪೋಣಿಸುತ್ತಿದ್ದದ್ದನ್ನು ಮಗಳು ನೋಡಿದ್ದಳು. ನೋಡಿಯೂ ಸುಮ್ಮನಿದ್ದು ಓದುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಅವರು ಕಾಫಿ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಇಷ್ಟು ಹೇಳಿ ಮಾಕ್ ಙಾ ಎದ್ದು ಸುರಯ್ಯಾಳನ್ನು ಕರೆದುಕೊಂಡು ಹೊರಟುಹೋದರು. ಅಮ್ಮ ಆ ದಿನ ಕ್ಲಾಸನ್ನು ಬೇಗ ಮುಗಿಸಿದಳು.

ಅದಾದ ಸ್ವಲ್ಪ ದಿನಕ್ಕೆ ಸುರಯ್ಯಾ ಶಾಲೆಗೆಂದು 'ನನ್ನ ಭಾಷೆ' ಎಂಬ ಪ್ರಾಜೆಕ್ಟಿನ ದೊಡ್ಡ ರಟ್ಟು ಮಾಡಿ, ಗೋಂದು ಒಣಗಲೆಂದು ನಮ್ಮ ಗ್ಯಾರೇಜಿನಲ್ಲಿ ಇಟ್ಟಳು. ಬಲಗಡೆ ರೂಮಿ, ನಡುವೆ ಜಾವಿ, ಎಡಗಡೆ ಇವೆರಡಕ್ಕಿಂತ ಹಳೆಯದಾದ ಒಂದು ಕಲ್ಲಿನ ಚಿತ್ರ. ಸುಮಾತ್ರಾದ ನದಿಯ ದಡದಲ್ಲಿ ಸಿಕ್ಕಿದ, ಮಲಯ್ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲೊಂದು. ಕಸ ಗುಡಿಸುತ್ತಿದ್ದ ಅಮ್ಮ ಪೊರಕೆ ಹಿಡಿದೇ ಅದರ ಮುಂದೆ ಬಗ್ಗಿದಳು. ಇನ್ನೂ ಬಗ್ಗಿದಳು. ಅವಳ ತುಟಿ ಅಲ್ಲಾಡುತ್ತಿತ್ತು. "ಸ್ವಸ್ತಿ ಶ್ರೀ" ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಪೊರಕೆ ಬಿಸಾಕಿ, ರಟ್ಟನ್ನೇ ಎತ್ತಿಕೊಂಡು ಪಕ್ಕದ ಮನೆಗೆ ನುಗ್ಗಿದಳು. ಬೆಲಾಚಾನ್ ಸುಡುತ್ತಿದ್ದ ಹೊತ್ತು, ಮೂಗು ಮುಚ್ಚಿಕೊಳ್ಳುವುದೂ ನೆನಪಾಗಲಿಲ್ಲ ಅವಳಿಗೆ. "ಮಾಕ್ ಙಾ, ಇದು ಪಲ್ಲವರ ಲಿಪಿ. ನಮ್ಮ ಹಳೇ ಅಕ್ಷರದ ಅಕ್ಕ ತಂಗಿ. ನಮ್ಮ ಶಾಸನಗಳು ಹೀಗೇ ಶುರುವಾಗೋದು, ನಮ್ಮ ಲಗ್ನಪತ್ರಿಕೆ ಹೀಗೇ ಶುರುವಾಗೋದು!" ಇಬ್ಬರೂ ಅಡುಗೆಮನೆಯ ನೆಲದ ಮೇಲೆ ರಟ್ಟು ಹರಡಿಕೊಂಡು ಕೂತರು. ಒಲೆಯ ಮೇಲೆ ಬೆಲಾಚಾನ್ ಕರಕಲಾಯಿತು, ಹೊಗೆಯ ಅಲಾರಂ ಕೂಗಿತು, ಸುರಯ್ಯಾ ಟವೆಲು ಬೀಸುತ್ತಾ ಬೈದಳು. ಆ ದಿನದಿಂದ ನಮ್ಮ ಮನೆಯ ಕಿಟಕಿಗಳು ತೆರೆದೇ ಇದ್ದವು.

ನಿಮ್ಮ ಬಾಲ್ಯದಲ್ಲೂ ಇಂಥದೊಂದು ಮನೆ ಇದ್ದಿರಬೇಕು. ನಿಮ್ಮದಲ್ಲದ, ಆದರೆ ಕಣ್ಣುಮುಚ್ಚಿದರೂ ಅದರ ಲೋಟ ಎಲ್ಲಿದೆಯೆಂದು ಕೈಗೆ ಗೊತ್ತಿರುವ ಮನೆ. ಅಂಥ ಮನೆಯ ಬಾಗಿಲಿಗೆ ಯಾರಾದರೂ ಕೈ ಹಾಕಿದರೆ ಆಗುವ ಸಿಟ್ಟು ನಿಮಗೆ ಗೊತ್ತು. ಬಡಾವಣೆಯ ಮನೆಮಾಲೀಕರ ಸಂಘದಿಂದ ಪಕ್ಕದ ಮನೆಗೆ ನೋಟೀಸು ಬಂತು. ಮನೆಯ ಮುಂಭಾಗಕ್ಕೆ ಒಪ್ಪದ ಫಲಕ, ತೆಗೆಯದಿದ್ದರೆ ದಂಡ. ಎರಡು ವರ್ಷ ಯಾರ ಕಣ್ಣಿಗೂ ಚುಚ್ಚದ ಹಲಗೆ ಆಗ ಇದ್ದಕ್ಕಿದ್ದಂತೆ ಚುಚ್ಚಿತ್ತು. ಟೀವಿಯಲ್ಲಿ ಬರುತ್ತಿದ್ದ ಭಯೋತ್ಪಾದನೆಯ ಸುದ್ದಿಗಳನ್ನು ನೋಡಿ, ಅರಬ್ಬಿಯಂತೆ ಕಾಣುವ ಅಕ್ಷರಕ್ಕೆ ಹೆದರಿ ಯಾರೋ ದೂರು ಕೊಟ್ಟಿದ್ದರು. ಯಾರೆಂದು ತಿಳಿಯಲಿಲ್ಲ, ಯಾಕೆಂದು ಎಲ್ಲರಿಗೂ ತಿಳಿದಿತ್ತು. ಫಾರಿಸ್ ಅಂಕಲ್ ಸಾಧು ಮನುಷ್ಯ, ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರು. ಅವರು ಸುಲಭದ ದಾರಿ ಹುಡುಕಿದರು: ಅವೇ ಪದಗಳನ್ನು ರೂಮಿಯಲ್ಲಿ ಬರೆಸಿದ ಚಿಕ್ಕ ಬೋರ್ಡು ಹಾಕೋಣ, ಸಂಘದವರು ಒಪ್ಪುತ್ತಾರೆ. "ಅಕ್ಷರ ತಾನೇ ಅಮ್ಮಾ? ಇಲ್ಲಿ ಯಾರು ಓದ್ತಾರೆ ಅದನ್ನ? ಎರಡು ಸಲ ಲಿಪಿ ಬದಲಾದರೂ ನಮ್ಮ ಭಾಷೆ ಸತ್ತಿಲ್ಲವಲ್ಲ" ಎಂದರು. ನಾನೂ ಅಮ್ಮನೂ ಅಲ್ಲೇ ಕೂತಿದ್ದೆವು. ಮಾಕ್ ಙಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಭಾಷೆ ಸಾಯಲಿಲ್ಲ. ಓದುತ್ತಿದ್ದವರು ಸತ್ತರು. ನಾನು ತೆಗೆಯಲ್ಲ" ಎಂದರು.

'ಅಕ್ಷರ ತಾನೇ' ಎಂಬ ಮಾತು ಬಿದ್ದಾಗ ಅಮ್ಮ ತಲೆ ಎತ್ತಿದ್ದನ್ನು ನಾನು ನೋಡಿದೆ. ಸಂಘದ ಸಭೆಗೆ ಮಾಕ್ ಙಾ ಜೊತೆ ತಾನೂ ಹೋಗುವುದಾಗಿ ಅವಳು ಅಪ್ಪನಿಗೆ ಹೇಳಿದಳು. ನಮಗೆ ಯಾಕೆ ಊರ ಉಸಾಬರಿ ಎಂದು ಅಪ್ಪ ಶುರು ಮಾಡುವಷ್ಟರಲ್ಲಿ, "ನಮ್ಮ ಬಾಗಿಲು ಒರೆಸಿದ್ರಲ್ಲ, ಅವತ್ತು ಸುಮ್ನಿದ್ದೆ. ಸಾಕು ಅದು" ಎಂದಳು. ಅಪ್ಪ ಕಾರಿನ ಕೀ ಕೊಟ್ಟ. ಈಜುಕೊಳದ ಪಕ್ಕದ ಕ್ಲಬ್‌ಹೌಸಿನಲ್ಲಿ ಸಭೆ. ಅಧ್ಯಕ್ಷರು ಮೂಲೆಮನೆಯ ನಿವೃತ್ತರು, ಎಷ್ಟು ಸಭ್ಯರೆಂದರೆ ಸಿಟ್ಟು ಮಾಡಿಕೊಳ್ಳಲು ಜಾಗವನ್ನೇ ಬಿಡದಷ್ಟು. ಇಂಗ್ಲಿಷಿನಲ್ಲಿ ಬರೆಸಿಬಿಟ್ಟರೆ ಎಲ್ಲರಿಗೂ ಓದಲು ಬರುತ್ತದಲ್ಲವೇ ಎಂದು ನಯವಾಗಿ ಕೇಳಿದರು. ಅಮ್ಮ ಎದ್ದು ನಿಂತಳು. ನಿಮ್ಮ ಬಾಗಿಲ ಮೇಲೂ ಒಂದು ಬೋರ್ಡಿದೆ, ಅದರ ಸುರುಳಿ ಸುರುಳಿ ಇಂಗ್ಲಿಷ್ ಅಕ್ಷರ ನನಗೆ ಇವತ್ತಿಗೂ ಓದಲು ಬಂದಿಲ್ಲ, ಒಳ್ಳೆಯದೇ ಬರೆದಿರುತ್ತೀರೆಂದು ನಂಬಿಕೊಂಡು ಓಡಾಡುತ್ತಿದ್ದೇನೆ, ನೀವೂ ಅಷ್ಟು ನಂಬಿ ಎಂದಳು. ಹಿಂದೆ ಕೂತವರು ನಕ್ಕರು, ಅಧ್ಯಕ್ಷರೂ ನಕ್ಕರು. ನಕ್ಕು, ಕೈಯೆತ್ತಿಸಿ, ಹಲಗೆ ತೆಗೆಯಬೇಕೆಂದೇ ತೀರ್ಮಾನ ಮಾಡಿದರು. ನ್ಯಾಯ ಅಂದರೆ ಹಾಗಿತ್ತು. ಶನಿವಾರ ಫಾರಿಸ್ ಅಂಕಲ್ ಏಣಿ ಹಾಕಿ ಅದನ್ನು ಇಳಿಸಿದರು. ಮಾಕ್ ಙಾ ಹೊರಗೆ ಬರಲಿಲ್ಲ.

ಅಮ್ಮ ಆ ವಾರವೆಲ್ಲ ಸಂಘದ ನಿಯಮಗಳ ಪುಸ್ತಕವನ್ನು ಪರೀಕ್ಷೆಗೆ ಓದುವವಳಂತೆ ಓದಿದ್ದಳು. ಭಾನುವಾರ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸಿ, ಮೈಸೂರಿನ ರಂಗೋಲಿ ಪುಡಿಯ ಡಬ್ಬಿ ನನ್ನ ಕೈಗೆ ಕೊಟ್ಟಳು. ಮಕ್ಕಳು ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇ ಮೇಲೆ ತೊಳೆದುಹೋಗುವಂಥ ಸೀಮೆಸುಣ್ಣದಲ್ಲಿ ಏನು ಬೇಕಾದರೂ ಬರೆಯಬಹುದೆಂದು ನಿಯಮವೇ ಹೇಳುತ್ತಿತ್ತು. "ತೊಳೆದುಹೋಗೋದನ್ನ ಬರೆಯೋದು ಹೇಗೆ ಅಂತ ಇವ್ರು ನಂಗೆ ಹೇಳ್ಕೊಡ್ತಾರಾ?" ಎನ್ನುತ್ತಾ ಪಕ್ಕದ ಮನೆಯ ಗಂಟೆ ಒತ್ತಿದಳು. ಮುಂಜಾನೆಯ ನಮಾಜು ಮುಗಿಸಿದ ಮಾಕ್ ಙಾ ಬಾಗಿಲು ತೆರೆದರು. ಅವರಿಗೆ ಮಂಡಿನೋವು, ನೆಲಕ್ಕೆ ಬಗ್ಗಲಾಗದು. ಅವರು ಹೇಳುವುದು, ಅಮ್ಮ ಎಳೆಯುವುದು ಎಂದಾಯಿತು. ಅಮ್ಮ ನೀರು ಚಿಮುಕಿಸಿ, ನೈಟಿಯ ಅಂಚು ಎತ್ತಿ ಸಿಕ್ಕಿಸಿ, ಅಭ್ಯಾಸಬಲದಿಂದ ಮೊದಲು ಚುಕ್ಕಿ ಇಡುತ್ತಾ ಹೋದಳು. ಮಾಕ್ ಙಾ ಚಪ್ಪಲಿ ಬಡಿದು ಕೂಗಿಕೊಂಡರು: "ಮೊದಲು ಗೆರೆ! ಚುಕ್ಕಿ ಆಮೇಲೆ!" ಅಮ್ಮನೂ ಬಿಡಲಿಲ್ಲ. "ಚುಕ್ಕಿ ಇಲ್ದೆ ಗೆರೆ ಎಲ್ಲಿ ಹೋಗ್ಬೇಕು ಅಂತ ಕೈಗೆ ಹೇಗೆ ಗೊತ್ತಾಗತ್ತೆ ಮಾಕ್ ಙಾ?" ಆ ಇಬ್ಬರೂ ಹೆಂಗಸರು ಟೆಕ್ಸಸ್‌ನ ಸಿಮೆಂಟಿನ ಮೇಲೆ, ನೈಟಿಯಲ್ಲೊಬ್ಬರು ಮುಸುಕಿನಲ್ಲೊಬ್ಬರು, ಚುಕ್ಕಿ ಮೊದಲೋ ಗೆರೆ ಮೊದಲೋ ಎಂದು ಜಗಳವಾಡಿದರು. ಕೊನೆಗೆ ಅಮ್ಮನ ಚುಕ್ಕಿಗಳೂ ಅಲ್ಲೇ ಉಳಿದವು, ಮಾಕ್ ಙಾ ಅವರ ಗೆರೆಗಳೂ ಬಂದವು. ಸೆಲಾಮತ್ ದಾತಾಂಗ್ ಎಂಬುದು ಬೇಡದ ನಕ್ಷತ್ರಗಳ ನಡುವೆ ಸೊಟ್ಟಸೊಟ್ಟಗೆ, ಕಾರಿನಷ್ಟು ಉದ್ದಕ್ಕೆ ಮೂಡಿತು. ಹಲಗೆಗಿಂತ ಎಷ್ಟೋ ದೊಡ್ಡದು. ನಾಯಿ ಹಿಡಿದು ಬಂದ ಒಬ್ಬಾತ ನಿಂತು ನೋಡಿ, ತುಳಿಯದೆ ಸುತ್ತಿಬಳಸಿ ಹೋದ.

ಅದು ಒಂದು ದಿನದ ರೊಚ್ಚೆಂದು ಎಲ್ಲರೂ ಅಂದುಕೊಂಡರು. ಆಗಲಿಲ್ಲ. ಸ್ಪ್ರಿಂಕ್ಲರ್ ಹಾರಿದರೆ ಅಳಿಯುತ್ತಿತ್ತು, ಗಾಳಿಗೆ ಹಾರುತ್ತಿತ್ತು, ಫಾರಿಸ್ ಅಂಕಲ್ ಕಾರಿನ ಚಕ್ರಕ್ಕೆ ಅಂಟಿಕೊಂಡು ಹ್ಯೂಸ್ಟನ್ನಿನವರೆಗೂ ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ಮೂಡಿರುತ್ತಿತ್ತು. ಬರೆದದ್ದು ಉಳಿಯಬೇಕೆಂಬ ಹಟ ಮಾಕ್ ಙಾ ಅವರದಾಗಿತ್ತು, ಅಳಿದರೆ ಮತ್ತೆ ಬರೆಯುವ ಹಟ ಅಮ್ಮನದು. ಅಮ್ಮನದೇ ಗೆದ್ದಿತು. ಗ್ಯಾರೇಜಿನ ಕ್ಲಾಸಿನಲ್ಲಿ ಇಂಗ್ಲಿಷ್ ಅಕ್ಷರದ ಹಾಳೆಗಳು ಕಸದ ಬುಟ್ಟಿ ಸೇರಿದವು. ಕೆಲವು ಮನೆಯವರು ಮುನಿಸಿಕೊಂಡು ಮಕ್ಕಳನ್ನು ಬಿಡಿಸಿದರು, ಬಿಡಿಸಲಿ. ಉಳಿದ ನಾವು ನಮ್ಮ ನಮ್ಮ ಡ್ರೈವ್‌ವೇ ಮೇಲೆ ಅ ಆ ಬರೆದೆವು, ಙ ಬರೆದೆವು. ನಾನಿವತ್ತು ಈ ಸಾಲುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದಕ್ಕೆ ಆ ಸಿಮೆಂಟೇ ಕಾರಣ. ಹಾಗೆಯೇ, ಅಮ್ಮನಿಗೆ ಪುಡಿ ಎತ್ತಿಕೊಡುತ್ತಾ ನಿಲ್ಲುತ್ತಿದ್ದ ನನಗೆ ಮಾಕ್ ಙಾ ಜಾವಿಯನ್ನೂ ಒಂದೊಂದೇ ಅಕ್ಷರವಾಗಿ ಕಲಿಸಿದರು. ಸುರಯ್ಯಾ ಕಲಿಯಲಿಲ್ಲ. ಬಸ್ಸಿನ ಹುಡುಗರು ನೋಡುತ್ತಾರೆಂದು ಅವಳು ಆ ಅಕ್ಷರಗಳ ಹತ್ತಿರ ಬಾರದೆ, ಹುಲ್ಲಿನ ಮೇಲೆ ಬಳಸಿಕೊಂಡು ಬಸ್ಸಿಗೆ ಹೋಗುತ್ತಿದ್ದಳು. ಅವಳನ್ನು ನಾನು ದೂರುವುದಿಲ್ಲ. ಬಸ್ಸಿನಲ್ಲಿ ಮಾತು ಕೇಳಬೇಕಾದವಳು ಅವಳೇ ತಾನೇ, ನಾನಲ್ಲ.

ಎರಡು ವರ್ಷದ ಮೇಲೆ ಅವರು ಹ್ಯೂಸ್ಟನ್ನಿಗೆ ಶಿಫ್ಟ್ ಆದರು. ಆಮೇಲೆ ನಾವೂ ನಮ್ಮ ಮನೆ ಮಾರಿದೆವು. ಕಾಲೇಜಿಗೆ ಸೇರಿದ ಮೇಲೆ ಒಮ್ಮೆ ಆ ಬೀದಿಯಲ್ಲಿ ಕಾರು ನಿಲ್ಲಿಸಿ ನೋಡಿದೆ. ಬಡಕಲು ಓಕ್ ಗಿಡಗಳು ದಪ್ಪಗಾಗಿ ನೆರಳು ಕೊಡುತ್ತಿದ್ದವು. ಮಾಕ್ ಙಾ ಮನೆಗೆ ಬೂದು ಬಣ್ಣ ಬಳಿದಿದ್ದರು, ನಮ್ಮ ಬಾಗಿಲನ್ನೇ ಬದಲಾಯಿಸಿದ್ದರು. ಒಳಗೆ ಈಗ ಯಾವ ವಾಸನೆ ಇದೆಯೋ. ನನಗೆ ಇಳಿದು ನೋಡುವ ಮನಸ್ಸಾಗಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಎದ್ದು ಬರೆದವರ ಗುರುತನ್ನು ಒಂದು ಬೀದಿ ಇಷ್ಟು ಸಲೀಸಾಗಿ ಮರೆತುಬಿಡುತ್ತದೆಯೇ?

ನಾನು ಆಸ್ಟಿನ್ನಿನಲ್ಲಿ ಓದುತ್ತಿದ್ದಾಗ ಮಾಕ್ ಙಾ ತೀರಿಕೊಂಡರು. ಹ್ಯೂಸ್ಟನ್ನಿನಲ್ಲಿ ಮಣ್ಣು ಮಾಡಿದರು. ಅವರಲ್ಲಿ ತಡ ಮಾಡುವುದಿಲ್ಲ, ನಾನೂ ಅಮ್ಮನೂ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಲವು ವಾರ ಕಳೆದು ಸುರಯ್ಯಾ ಫೋನ್ ಮಾಡಿದಳು. ಗೋರಿಯ ಕಲ್ಲಿಗೆ ಹೆಸರು ಬರೆಸಬೇಕು, ಜಾವಿಯಲ್ಲಿ. ತನಗೆ ಬಾರದು, ಅಪ್ಪ ಅಮ್ಮ ಮರೆತಿದ್ದಾರೆ. "ನಿಂಗೆ ಬರತ್ತಲ್ಲ" ಎಂದಳು, ಅಷ್ಟೇ ಹೇಳಿ ಬಿಕ್ಕಿದಳು. ನಾನು ಶನಿವಾರ ಬೆಳಿಗ್ಗೆಯೇ ಹೊರಟೆ. ಅವರ ಊಟದ ಮೇಜಿನ ಮೇಲೆ ದಪ್ಪ ಕಾಗದ ಹರಡಿಕೊಂಡು ಬರೆದೆ: ರಹೀಮಾ ಬಿಂತಿ ಯೂಸುಫ್, ಯೂಸುಫರ ಮಗಳು ರಹೀಮಾ. ಅದರ ಕೆಳಗೆ, ಎಲ್ಲರೂ ಕರೆಯುತ್ತಿದ್ದ ಹೆಸರು. ಫಾರಿಸ್ ಅಂಕಲ್ ನನ್ನ ಹಿಂದೆ ನಿಂತು ನೋಡುತ್ತಿದ್ದರು. ತುಂಬ ಮುದುಕರಾದಂತೆ ಕಾಣುತ್ತಿದ್ದರು. "ಚೆನ್ನಾಗಿದೆ ಮಗಳೇ. ಆದರೆ ಇಂಗ್ಲಿಷಲ್ಲೇ ಹಾಕಿಸಿದರೆ ಆಗದಾ? ಅಲ್ಲಿ ಯಾರು ಓದ್ತಾರೆ ಅದನ್ನ?" ಎಂದರು ಮೆಲ್ಲಗೆ. ನಾನು ಬಾಯಿ ತೆರೆಯುವ ಮೊದಲೇ ಸುರಯ್ಯಾ ಎದ್ದಳು. "ಈ ಮಾತನ್ನ ಅಜ್ಜಿ ಬದುಕಿದ್ದಾಗಲೇ ಕೇಳಿಸ್ಕೊಂಡಿದಾರೆ ಅಪ್ಪಾ. ಈಗ ಮಣ್ಣೊಳಗೂ ಕೇಳಿಸ್ಬೇಡಿ" ಎಂದಳು. ಅವರು ಅಲ್ಲೇ ಕುರ್ಚಿ ಎಳೆದು ಕೂತರು. ಕಾಗದ ಮಡಚದಂತೆ ಕೊಳವೆ ಮಾಡಿ ರಬ್ಬರ್ ಹಾಕಿ ಕೊಟ್ಟವರು ಕೊನೆಗೆ ಅವರೇ.

ಕಲ್ಲು ಕೂರಿಸಿದ ಮೇಲೆ ನಾನೂ ಸುರಯ್ಯಾಳೂ ಇಬ್ಬರೇ ಹೋದೆವು. ಊರಾಚೆಯ ಬಯಲು, ಬೋಳು ಬಿಸಿಲು, ದೂರದಲ್ಲಿ ಹೈವೇಯ ಸದ್ದು. ನೆಲಕ್ಕೆ ತಗ್ಗಾಗಿ ಹಾಸಿದ ಬೂದುಕಲ್ಲಿನಲ್ಲಿ ನನ್ನ ಕೈಯ ಬರಹವೇ ಆಳವಾಗಿ ಕೊರೆದು ಕೂತಿತ್ತು. ಸುರಯ್ಯಾ ಮಂಡಿಯೂರಿ ಕೂತು, ಮೇಲೆ ಬಿದ್ದ ಒಣಹುಲ್ಲನ್ನು ಒರೆಸಿ, ತುಂಬ ಹೊತ್ತು ನೋಡಿದಳು. ಆಮೇಲೆ ತೋರುಬೆರಳನ್ನು ಕಲ್ಲಿನ ಎಡತುದಿಗೆ ಇಟ್ಟು, ಅಲ್ಲಿಂದ ಮುಂದಕ್ಕೆ ಹೋಗಲು ತಿಳಿಯದೆ ನಿಂತಳು. ನಾನು ಅವಳ ಪಕ್ಕ ಕೂತು, ಮಣಿಕಟ್ಟು ಹಿಡಿದು, ಬೆರಳನ್ನು ಎತ್ತಿ ಬಲತುದಿಯಲ್ಲಿ ಇಟ್ಟೆ.

"ಇಲ್ಲಿಂದ" ಎಂದೆ.